ನಿಂತು ಮತ್ತೆ ಬರುವ ರಕ್ತ

ಮಗುವಿನ ಹೊಕ್ಕುಳುಬಳ್ಳಿ ಒಣಗಿ ಉದುರಿದ ಬೆಳಿಗ್ಗೆ ಜರ್‌ಬೀಬಿಗೆ ಒಂದು ಗುಟುಕು ಚಹಾ ಕೂಡ ಗಂಟಲಲ್ಲಿ ಇಳಿಯಲಿಲ್ಲ.

ಉಳಿದವರಿಗೆಲ್ಲ ಅದು ಸಂತೋಷದ ಸುದ್ದಿ. ಅಕ್ಕಪಕ್ಕದ ಹೆಂಗಸರು ಬಂದು ಬಾಣಂತಿಯ ಹಾಸಿಗೆಯ ಸುತ್ತ ಕೂತಿದ್ದರು. ದೃಷ್ಟಿ ತಾಗದಿರಲೆಂದು ಕೆಂಡದ ಮೇಲೆ ಹಾಕಿದ ಕಾಡುಬೀಜ ಚಟಪಟ ಸಿಡಿಯುತ್ತಿತ್ತು, ಕೋಣೆಯ ತುಂಬ ಕಹಿ ಹೊಗೆ. ಉದುರಿದ ತುಣುಕನ್ನು ಎಲ್ಲಿ ಹೂಳಬೇಕೆಂಬುದೇ ಅವರಲ್ಲಿ ಜಗಳ.

"ನಮ್ಮನೆ ಹಿಂದೆ ಹೂಳ್ರೇ. ನನ್ನ ಹಾಗೇ ಸೂಜೀಲಿ ಹೂವು ಅರಳಿಸ್ತಾಳೆ," ಎಂದಳು ಕಸೂತಿಗೆ ಹೆಸರಾದವಳೊಬ್ಬಳು.

"ಕೈ ಜೊತೆಗೆ ನಿನ್ನ ನಾಲಿಗೇನೂ ಬಂದುಬಿಟ್ರೆ ಇವಳನ್ನ ಯಾರು ಕಟ್ಕೋತಾರೆ? ಶಾಲೆ ಗೋಡೆ ಪಕ್ಕ ಹೂಳೋಣ, ನಾಲ್ಕಕ್ಷರ ಕಲೀಲಿ," ಎಂದಳು ಇನ್ನೊಬ್ಬಳು.

ಎಲ್ಲರೂ ನಕ್ಕರು. ಜರ್‌ಬೀಬಿಯೂ ನಕ್ಕಂತೆ ಮಾಡಿದಳು. ಅವಳ ಕಣ್ಣು ಮಾತ್ರ ಮಗುವಿನ ಹೊಟ್ಟೆಯ ಮೇಲಿಂದ ಕದಲಲಿಲ್ಲ. ಗ್ರಾನಾಜ್ ಎಂದು ಹೆಸರಿಟ್ಟಿದ್ದ ಆ ಹೆಣ್ಣುಮಗು ಮುಷ್ಟಿ ಬಿಗಿದು ನಿದ್ದೆ ಮಾಡುತ್ತಿತ್ತು. ಹೊಕ್ಕುಳು ಒಣಗಿತ್ತು, ಚೊಕ್ಕಟವಾಗಿತ್ತು. ಮೊದಲನೆಯವನದೂ ಹೀಗೇ ಒಣಗಿತ್ತು.

ಮೊದಲನೆಯವನು ಬಾಲಾಚ್. ಹಿಂದಿನ ವರ್ಷದ ಚಳಿಗಾಲದಲ್ಲಿ ಹುಟ್ಟಿದವನು. ಬಳ್ಳಿ ಬಿದ್ದ ಮಾರನೆಯ ದಿನ ಹೊಕ್ಕುಳಿನಿಂದ ಒಂದು ಹನಿ ರಕ್ತ ಬಂತು. ಒರೆಸಿದರು, ನಿಂತಿತು. ಮರುದಿನ ಮತ್ತೆ ಬಂತು. ಬಟ್ಟೆ ಕಟ್ಟಿದರು, ನಿಂತಿತು. ನಿಂತಿತೆಂದು ಸಿಹಿ ಕೂಡ ಹಂಚಿದರು. ಆಮೇಲೆ ಹನಿ ಹನಿಯಾಗಿ, ಯಾರೋ ನಲ್ಲಿಯನ್ನು ಸರಿಯಾಗಿ ತಿರುಗಿಸದೆ ಹೋದ ಹಾಗೆ, ಬರುತ್ತಲೇ ಹೋಯಿತು. ಮಗು ಅಳಲಿಲ್ಲ. ಬೆಳ್ಳಗಾಗುತ್ತಾ ಹೋಯಿತು, ಅಷ್ಟೇ. ಊರವರು ದೃಷ್ಟಿ ಎಂದರು, ಬಾಣಂತಿಯ ಕೋಣೆಗೆ ನುಗ್ಗುವ ಪಿಶಾಚಿ ಎಂದರು, ತಾಯಿಯ ಹಾಲು ಕೆಟ್ಟಿತ್ತೆಂದೂ ಒಬ್ಬಿಬ್ಬರು ಪಿಸುಗುಟ್ಟಿದರು. ಜರ್‌ಬೀಬಿ ಎಲ್ಲವನ್ನೂ ನಂಬಿದ್ದಳು. ಮೊಲೆ ತುಂಬಿ ನೋಯುತ್ತಿದ್ದಾಗ ಗೋಡೆಗೆ ಹಾಲು ಹಿಂಡಿ ಅತ್ತಿದ್ದಳು.

ಹೆಂಗಸರು ಎದ್ದು ಹೋದ ಮೇಲೆ ಅತ್ತೆ ಹಾತೂನ್ ಒಳಗೆ ಬಂದಳು. ಹಾತೂನ್ ಜರ್‌ಬೀಬಿಗೆ ಬರೀ ಅತ್ತೆಯಲ್ಲ, ಅಪ್ಪನ ಅಣ್ಣನ ಹೆಂಡತಿ; ಹಾಗಾಗಿ ಮದುವೆಯಾದ ಮೇಲೂ ಬಾಯಲ್ಲಿ ಉಳಿದದ್ದು 'ದೊಡ್ಡಮ್ಮ' ಎಂಬ ಹೆಸರೇ. ಗಂಡಸರಂಥ ಎತ್ತರದ ಹೆಂಗಸು. ಅವಳು ದನಿ ಎತ್ತರಿಸಿದರೆ ತಫ್ತಾನ್ ಬೆಟ್ಟದ ಬುಡದಲ್ಲಿ ಮೇಯುವ ಕುರಿಗಳೂ ತಲೆ ಎತ್ತುತ್ತವೆ ಎಂದು ಊರವರ ಗೇಲಿ. ಆ ಬೆಳಿಗ್ಗೆ ಅವಳಿಗೆ ದನಿಯೇ ಇರಲಿಲ್ಲ. ಮಗುವಿನ ಬಟ್ಟೆ ಸರಿಸಿ ಹೊಕ್ಕುಳನ್ನು ನೋಡಿದಳು. ಬಗ್ಗಿ, ಮೂಗು ತಾಗುವಷ್ಟು ಹತ್ತಿರ ಹೋಗಿ ಮತ್ತೆ ನೋಡಿದಳು. ಆಮೇಲೆ ತನ್ನ ಅಂಗಿಯ ಮುಂದಿನ ಉದ್ದ ಜೇಬಿನಿಂದ ಒಂದು ಗಂಟು ತೆಗೆದಳು. ಅದರಲ್ಲಿ ಸುಟ್ಟ ಹತ್ತಿಯ ಬೂದಿ, ಹಿಟ್ಟಿನ ಹಾಗೆ ಜರಡಿ ಹಿಡಿದದ್ದು, ಮತ್ತು ಮಡಿಕೆ ಮಡಿಕೆಯಾಗಿ ಸುತ್ತಿಟ್ಟ ಹಳೆಯ ಮೆತ್ತನೆ ಬಟ್ಟೆ.

"ರಕ್ತ ಬಂದೇ ಇಲ್ಲವಲ್ಲ ದೊಡ್ಡಮ್ಮ," ಎಂದಳು ಜರ್‌ಬೀಬಿ.

"ಬರಬಾರದು ಅಂತಾನೇ."

"ಇದನ್ನ ಯಾವಾಗ ಮಾಡಿಟ್ರಿ?"

ಹಾತೂನ್ ಹೊಕ್ಕುಳಿಗೆ ಬೂದಿ ಸವರಿದಳು. ಬಟ್ಟೆ ಸುತ್ತಿ ಬಿಗಿಮಾಡಿ, "ಸುಮ್ನೆ ಮಲ್ಕೋ" ಎಂದು ಹೊರಗೆ ಹೋದಳು. ಒಂದು ಹಿಡಿ ಬೂದಿ ಅಷ್ಟು ನುಣ್ಣಗಾಗಬೇಕಾದರೆ ಮಗು ಹುಟ್ಟುವ ಮೊದಲೇ ಕೂತು ಜರಡಿ ಹಿಡಿದಿರಬೇಕು. ಅದು ಹೊಳೆದ ಕ್ಷಣ ಜರ್‌ಬೀಬಿ ಮಗುವನ್ನು ಎದೆಗೆ ಎಳೆದುಕೊಂಡಳು. ದೊಡ್ಡಮ್ಮ ಹೆದರಿ ಕಾಯುತ್ತಿದ್ದಳು. ದೃಷ್ಟಿಗಾಗಲಿ ಪಿಶಾಚಿಗಾಗಲಿ ಯಾರೂ ಹೀಗೆ ಬೂದಿ ಸಿದ್ಧ ಮಾಡಿಟ್ಟು ಕಾಯುವುದಿಲ್ಲ.

ರಕ್ತ ಮರುದಿನ ಮಧ್ಯಾಹ್ನ ಬಂತು.

ಹಾಲು ಕುಡಿಸುವಾಗ ತೊಡೆಯ ಮೇಲೆ ಬೆಚ್ಚಗೆ ಏನೋ ಅನ್ನಿಸಿತು. ಮಗು ಉಚ್ಚೆ ಹೊಯ್ದಿತೆಂದುಕೊಂಡು ನೋಡಿದರೆ ಬಟ್ಟೆಯ ಮೇಲೆ ಕೆಂಪು, ದಾಳಿಂಬೆ ಕಾಳಿನಷ್ಟು ಅಗಲ. ಅವಳು ಕೂಗುವ ಮೊದಲೇ ಹಾತೂನ್ ಎಲ್ಲಿದ್ದಳೋ, ವಾಸನೆ ಹತ್ತಿದವಳ ಹಾಗೆ ಓಡಿ ಬಂದಳು. ಬೂದಿ ಹಾಕಿದಳು, ಹೆಬ್ಬೆರಳಲ್ಲಿ ಒತ್ತಿ ಹಿಡಿದಳು. ನಿಂತಿತು.

"ಖಾಶ್ ಪೇಟೆಗೆ ಹೋಗೋಣ ದೊಡ್ಡಮ್ಮ. ಆಸ್ಪತ್ರೆ ಇದೆಯಲ್ಲ."

"ನಿಂತಿದೆ, ಕಾಣ್ಸಲ್ವಾ?"

"ಬಾಲಾಚ್‌ನದೂ ನಿಂತಿತ್ತು."

"ಬಾಯ್ಮುಚ್ಚು!" ಹಾತೂನ್ ಮೆಲ್ಲಗೆ, ಆದರೆ ಹಲ್ಲು ಕಚ್ಚಿ ಹೇಳಿದಳು. "ಅವನ ಹೆಸರು ಎತ್ತಬೇಡ ಇಲ್ಲಿ. ಯಾರಿಗೂ ಹೇಳ್ಬೇಡ. ಕೇಳಿದ್ರೆ ಮಗೂಗೆ ನೆಗಡಿ ಅನ್ನು. ಆಸ್ಪತ್ರೆ ಮಾತು ಮತ್ತೊಂದು ಸಲ ಈ ಮನೇಲಿ ಬರಬಾರದು."

ಗಂಡ ಲಾಲ್‌ಬಕ್ಷ್ ತನ್ನ ನೀಲಿ ಪಿಕಪ್‌ನಲ್ಲಿ ಕುರಿ ತುಂಬಿಕೊಂಡು ಜಾಹೆದಾನ್ ನಗರದ ಕಡೆಗೆ ಹೋಗಿದ್ದ, ಬರುವ ದಿನ ಗೊತ್ತಿರಲಿಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಇಬ್ಬರು ಹೆಂಗಸರು ಮಗುವಿನ ಆಚೆ ಈಚೆ ಕೂತರು. ಹೊರಗಿನಿಂದ ಯಾರಾದರೂ ಕರೆದರೆ ಹಾತೂನ್ ಬಾಗಿಲ ಸಂದಿಯಲ್ಲೇ ಮಾತಾಡಿ ಕಳಿಸುತ್ತಿದ್ದಳು. ಬೆಳಗಾದಾಗ ಬಟ್ಟೆ ಮತ್ತೆ ನೆನೆದಿತ್ತು. ಈ ಸಲ ಹೆಬ್ಬೆರಳು ಎತ್ತಿದ ಕೂಡಲೇ ಮತ್ತೆ ಜಿನುಗಿತು.

ಆಗ ಜರ್‌ಬೀಬಿ ಹಾತೂನಳ ಮಣಿಕಟ್ಟು ಹಿಡಿದುಕೊಂಡಳು. "ನಿಮಗೆ ಏನೋ ಗೊತ್ತು. ಹೇಳಿ. ಇಲ್ದಿದ್ರೆ ಈಗ್ಲೇ ಬಾಗಿಲು ತೆಗೆದು ಊರೆಲ್ಲ ಕೇಳೋ ಹಾಗೆ ಕಿರುಚ್ತೀನಿ."

ಹಾತೂನ್ ಕೈ ಬಿಡಿಸಿಕೊಂಡು ಮಗುವಿನ ಬಟ್ಟೆ ಬಿಗಿದಳು. ಆಮೇಲೆ, ಗೋಡೆಗೆ ಹೇಳುವವಳ ಹಾಗೆ ಮುಖ ತಿರುಗಿಸಿ ಹೇಳಿದಳು.

ಲಾಲ್‌ಬಕ್ಷ್‌ಗಿಂತ ಮೊದಲು ಅವಳಿಗೆ ಇಬ್ಬರು ಹುಟ್ಟಿದ್ದರು. ಇಬ್ಬರೂ ಹೊಕ್ಕುಳಿನಿಂದಲೇ ಹೋದರು. ಲಾಲ್‌ಬಕ್ಷ್ ಉಳಿದ, ಕೊನೆಯ ಮಗಳು ಮಾಹ್‌ತಾಬ್ ಉಳಿದಳು. ನಡುವೆ ರಹಮತ್ ಎಂಬವನಿದ್ದ. ಅವನ ಹೊಕ್ಕುಳೂ ರಕ್ತ ಸುರಿಸಿತ್ತು, ಆದರೆ ಹೇಗೋ ಬದುಕಿಕೊಂಡ. ಮೈಮೇಲೆ ಯಾವಾಗಲೂ ಒಂದಲ್ಲ ಒಂದು ನೀಲಿ ಗಂಟು. ನಡೆದಾಡುವ ವಯಸ್ಸಿಗೆ ಜ್ವರ ಬಂತೆಂದು ದೂರದ ಪೇಟೆಯ ಒಬ್ಬ ವೈದ್ಯನ ಹತ್ತಿರ ಒಯ್ದಳು. ಅವನು ತೊಡೆಗೆ ಸೂಜಿ ಚುಚ್ಚಿದ.

"ಅಲ್ಲೇ ಶುರುವಾಯ್ತು. ಹೊರಗೆ ಒಂದು ಹನಿ ಬರಲಿಲ್ಲ ಮಗಳೇ, ಎಲ್ಲಾ ಒಳಗೇ. ತೊಡೆ ಊದಿ ಊದಿ ಹಿಟ್ಟಿನ ಚೀಲದ ಹಾಗಾಯ್ತು. ಕಪ್ಪಾಯ್ತು. ಮುಟ್ಟಿದ್ರೆ ಚೀರ್ತಿದ್ದ. ಕೊನೆಗೆ ಚೀರೋದನ್ನೂ ಬಿಟ್ಟ. ನಾನೇ ಎತ್ಕೊಂಡು ಹೋಗಿದ್ದು, ನಾನೇ ಅವನ ಕಾಲು ಹಿಡ್ಕೊಂಡು 'ಚುಚ್ಚಪ್ಪಾ' ಅಂದಿದ್ದು." ಹಾತೂನ್ ತನ್ನ ಅಂಗೈಗಳನ್ನು ನೋಡಿಕೊಂಡಳು. "ಇವಳಿಗೆ ಯಾರೂ ಸೂಜಿ ಚುಚ್ಚಕೂಡದು."

"ಯಾಕೆ ಹೀಗಾಗುತ್ತೆ ನಮಗೆ?"

"ಶಾಪ. ನಮ್ಮ ಮುತ್ತಜ್ಜ ಮೀರ್‌ದೋಸ್ತ್‌ನ ಗುಡಾರಕ್ಕೆ ಒಬ್ಬ ಗಾಯಗೊಂಡವನು ಬಂದು ಆಶ್ರಯ ಕೇಳಿದ್ದನಂತೆ. ರೊಟ್ಟಿ ಕೊಟ್ಟ, ನೀರು ಕೊಟ್ಟ. ಅಟ್ಟಿಸಿಕೊಂಡು ಬಂದವರು ಬಾಗಿಲಿಗೆ ಬಂದಾಗ ಹೆದರಿ ಅವನನ್ನ ಅವರ ಕೈಗೆ ಒಪ್ಪಿಸಿಬಿಟ್ಟ. ಅವನು ಹೋಗುವಾಗ ತನ್ನ ಗಾಯದ ಮೇಲೆ ಕೈಯಿಟ್ಟು, 'ನಿನ್ನ ವಂಶದ ಗಾಯ ಮುಚ್ಚದೇ ಇರಲಿ' ಅಂದನಂತೆ." ಹಾತೂನಳ ದನಿ ಇನ್ನೂ ತಗ್ಗಿತು. "ಮನೆಗೆ ಬಂದವನನ್ನ ಹಿಡಿದುಕೊಟ್ಟ ವಂಶ ಅಂತ ಗೊತ್ತಾದ್ರೆ ಈ ಬೆಟ್ಟದ ಸುತ್ತ ಯಾರು ನಮ್ಮ ಜೊತೆ ರೊಟ್ಟಿ ಮುರೀತಾರೆ? ಅದಕ್ಕೇ ಯಾರೂ ಹೇಳಲ್ಲ."

ಜರ್‌ಬೀಬಿ ನಿಧಾನವಾಗಿ ಕೇಳಿದಳು. "ಮೀರ್‌ದೋಸ್ತ್ ನನಗೂ ಮುತ್ತಜ್ಜನೇ ಅಲ್ವಾ?"

"ನಿನಗೆ, ನನಗೆ, ನಿನ್ನಮ್ಮನಿಗೆ, ಎಲ್ಲರಿಗೂ. ನಾವೆಲ್ಲ ಒಳಗೊಳಗೇ ಕೊಟ್ಟು ತಂದವರಲ್ವಾ? ನಿನಗಿಂತ ಮೊದಲು ನಿನ್ನಮ್ಮ ಹೂತ ಮಗು ಒಂದಲ್ಲ. ಹೋಗಿ ಕೇಳು ಅವಳನ್ನ."

ಜರ್‌ಬೀಬಿಗೆ ಬಾಲಾಚ್ ಹೋದ ದಿನಗಳು ನೆನಪಾದವು. ಹಾಲು ಕೆಟ್ಟಿತೆಂದು ತಾನು ಅತ್ತಾಗ ತನ್ನ ತಾಯಿ ಪಕ್ಕದಲ್ಲೇ ಕೂತು ತಲೆ ಸವರಿದ್ದಳು. ತಲೆ ಸವರಿದಳು, ಆದರೆ ಒಂದು ಮಾತು ಹೇಳಲಿಲ್ಲ.

ಮಧ್ಯಾಹ್ನ ಹಾತೂನ್ ನಮಾಜಿಗೆ ನಿಂತಳು. ಜರ್‌ಬೀಬಿ ಆ ಹೊತ್ತಿಗೇ ಕಾದಿದ್ದಳು. ಮಗುವಿನ ಹೊಕ್ಕುಳಿಗೆ ಹೊಸ ಬಟ್ಟೆ ಬಿಗಿದು, ಎದೆಗೆ ಕಟ್ಟಿಕೊಂಡು, ಮೇಲೆ ದಪ್ಪ ಶಾಲು ಹೊದ್ದು ಹಿಂಬಾಗಿಲಿನಿಂದ ಹೊರಬಿದ್ದಳು.

ನಲವತ್ತು ದಿನ ತುಂಬದ ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ದಾಟಿದರೂ ಊರಾಚೆಯ ಒಣ ಹಳ್ಳಕ್ಕೆ ಕಾಲಿಡುವಂತಿಲ್ಲ. ತಾಯಿಯ ಕರುಳನ್ನೂ ಮಗುವನ್ನೂ ಕದ್ದೊಯ್ಯುವವಳು ಅಲ್ಲೇ ಇರುತ್ತಾಳೆ ಎಂದು ಚಿಕ್ಕಂದಿನಿಂದ ಕೇಳಿದ್ದಳು. ರಸ್ತೆಗೆ ಹೋಗಬೇಕಾದರೆ ಆ ಹಳ್ಳವನ್ನೇ ದಾಟಬೇಕು. ಹೊಳೆಯುವ ಬಿಸಿಲು, ಆದರೂ ಬೆಟ್ಟದ ಹಿಮದ ಮೇಲಿಂದ ಬರುವ ಗಾಳಿ ಕಿವಿ ಕೊಯ್ಯುತ್ತಿತ್ತು. ಹಳ್ಳದಲ್ಲಿ ಇಳಿದಾಗ ಗಾಳಿ ನಿಂತಿತು. ಉರುಟು ಕಲ್ಲುಗಳ ಮೇಲೆ ತನ್ನದೇ ಹೆಜ್ಜೆಯ ಸದ್ದು ಹಿಂದಿನಿಂದ ಬಂದಂತೆ ಕೇಳಿಸಿತು. ತಿರುಗಬಾರದು ಎಂದುಕೊಂಡಳು. ಹೆರಿಗೆಯ ನೋವು ಇನ್ನೂ ಮಾಯದ ಮೈ. ಅಂಗಿಯೊಳಗೆ ಕೈ ಹಾಕಿ ಮಗುವಿನ ಬಟ್ಟೆ ಮುಟ್ಟಿ ನೋಡಿದಳು. ಒದ್ದೆ. ಬೆರಳನ್ನು ಹೊರಗೆ ತೆಗೆದು ನೋಡುವ ಧೈರ್ಯ ಬರಲಿಲ್ಲ. ಒದ್ದೆ ಎಂದರೆ ಬೆವರೂ ಇರಬಹುದು, ಹಾಲೂ ಇರಬಹುದು ಎಂದು ಹೇಳಿಕೊಳ್ಳುತ್ತಾ ನಡೆದಳು.

ಹಿಂದಿನ ಹೆಜ್ಜೆಯ ಸದ್ದು ಜೋರಾಯಿತು. ಈಗ ಅದು ಅವಳದಲ್ಲ. ಕಲ್ಲು ಉರುಳಿದವು, ಏದುಸಿರು ಕೇಳಿಸಿತು. ಜರ್‌ಬೀಬಿ ಮಗುವನ್ನು ಅವುಚಿಕೊಂಡು ಓಡಿದಳು. ದಂಡೆ ಹತ್ತುವಾಗ ಎಡವಿ ಮೊಣಕಾಲ ಮೇಲೆ ಬಿದ್ದಳು, ಭುಜದ ಮೇಲೆ ಒಂದು ಕೈ ಬಿತ್ತು.

"ಹಾಳಾದವಳೇ!" ಹಾತೂನ್. ಬರಿಗಾಲು, ತಲೆಯ ಮೇಲಿನ ಬಟ್ಟೆ ಜಾರಿ ಹೆಗಲ ಮೇಲೆ. "ನಮಾಜ್ ಅರ್ಧಕ್ಕೆ ಬಿಡಿಸಿದೆಯಲ್ಲೇ! ಕೊಡು ಮಗೂನ."

"ಕೊಡಲ್ಲ. ನೀವು ಕೊಂದರೂ ಕೊಡಲ್ಲ."

"ಅವರು ಚುಚ್ಚಿ ಸಾಯಿಸ್ತಾರೆ!"

"ಮನೇಲೂ ಸಾಯ್ತಾಳೆ! ನಿಮ್ಮ ಬೂದಿ ಯಾರನ್ನ ಉಳಿಸಿದೆ ದೊಡ್ಡಮ್ಮ? ನಿಮ್ಮ ಆ ಇಬ್ಬರು ಮಕ್ಕಳನ್ನ ಉಳಿಸ್ತಾ? ನನ್ನ ಬಾಲಾಚ್‌ನ ಉಳಿಸ್ತಾ? ಅಲ್ಲಿ ಸತ್ತರೆ ಸಾಯಲಿ. ಈ ಸಲ ನಾನು ಕೈ ಕಟ್ಕೊಂಡು ನೋಡಲ್ಲ."

ಹಾತೂನ್ ಕೈ ಎತ್ತಿದಳು, ಹೊಡೆಯುತ್ತಾಳೆಂದು ಜರ್‌ಬೀಬಿ ಕಣ್ಣು ಮುಚ್ಚಿದಳು. ಹೊಡೆತ ಬೀಳಲಿಲ್ಲ. ಕಣ್ಣು ಬಿಟ್ಟಾಗ ಹಾತೂನ್ ಶಾಲಿನ ಸಂದಿಯಿಂದ ಮಗುವನ್ನು ನೋಡುತ್ತಿದ್ದಳು. ಮಗುವಿನ ತುಟಿಯ ಬಣ್ಣ ಹೋಗಿತ್ತು. ಆ ಬಣ್ಣವನ್ನು ಹಾತೂನ್ ಮೊದಲೂ ನೋಡಿದ್ದಳು.

"ಏಳು," ಎಂದಳು. "ನಾನೂ ಬರ್ತೀನಿ. ಸೂಜಿ ಹಿಡ್ಕೊಂಡು ಯಾರು ಬರ್ತಾರೋ ಅವರ ಕೈ ಮೊದಲು ನನ್ನ ಮೈ ದಾಟ್ಲಿ."

ರಸ್ತೆಯಲ್ಲಿ ಖರ್ಜೂರದ ಪೆಟ್ಟಿಗೆ ತುಂಬಿದ ಒಂದು ಲಾರಿ ನಿಂತಿತು. ಚಾಲಕ ಬರಿಗಾಲಿನ ಮುದುಕಿಯನ್ನೂ ನಡುಗುವ ಹುಡುಗಿಯನ್ನೂ ನೋಡಿ, "ಏನಜ್ಜಿ, ಸೊಸೇನ ಓಡಿಸ್ಕೊಂಡು ಹೋಗ್ತಿದ್ದೀಯೋ, ಸೊಸೆ ನಿನ್ನ ಓಡಿಸ್ತಿದ್ದಾಳೋ?" ಎಂದ. ಇಬ್ಬರೂ ನಗಲಿಲ್ಲ. ಶಾಲಿನ ಅಂಚಿನ ಕೆಂಪು ಕಂಡದ್ದೇ ಅವನ ಮುಖ ಇಳಿಯಿತು. ಖಾಶ್ ತಲುಪುವವರೆಗೂ ಎಲ್ಲೂ ನಿಲ್ಲಿಸದೆ ಇಬ್ಬರನ್ನೂ ಕರೆದೊಯ್ದ.

ಆಸ್ಪತ್ರೆಯ ವೈದ್ಯೆ ದೂರದ ಯಜ್ದ್ ಕಡೆಯ ಹೆಂಗಸು, ಇಲ್ಲಿನವರ ಬಲೂಚಿ ಮಾತು ಬಾರದವಳು. ನರ್ಸ್ ಸಾಹಿರಾ ಈ ಊರವಳೇ, ಇಬ್ಬರ ನಡುವೆ ನಿಂತು ಮಾತು ದಾಟಿಸುತ್ತಿದ್ದಳು. ವೈದ್ಯೆ ಬಟ್ಟೆ ಬಿಚ್ಚಿ ನೋಡಿ ಕೇಳಿದ ಮೊದಲ ಪ್ರಶ್ನೆ ಒಂದೇ.

"ನಿಂತು ಮತ್ತೆ ಬಂತಾ, ಇಲ್ಲಾ ಒಂದೇ ಸಮ ಬರ್ತಿದೆಯಾ?"

"ನಿಲ್ಲುತ್ತೆ, ಮರುದಿನ ಬರುತ್ತೆ," ಎಂದಳು ಜರ್‌ಬೀಬಿ.

ವೈದ್ಯೆ ಸಾಹಿರಾಳ ಕಡೆ ತಿರುಗಿ ಏನೋ ಹೇಳಿದಳು. ಸಾಹಿರಾ ತಟ್ಟೆ ತಂದಳು. ತಟ್ಟೆಯಲ್ಲಿ ಸೂಜಿ. ಅದನ್ನು ಕಂಡದ್ದೇ ಹಾತೂನ್ ಮಂಚಕ್ಕೆ ಅಡ್ಡ ಬಿದ್ದು ಕಿರುಚಿದಳು. ಪಕ್ಕದ ಕೋಣೆಯವರು ಓಡಿ ಬಂದರು, ಕಾವಲುಗಾರ ಬಂದ. "ಹೊರಗೆ ಕರ್ಕೊಂಡು ಹೋಗಿ" ಎಂದು ಯಾರೋ ಅಂದರು. ವೈದ್ಯೆ ಬೇಡವೆಂದು ಕೈ ಸನ್ನೆ ಮಾಡಿ, ಹಾತೂನಳ ಪಕ್ಕ ನೆಲದ ಮೇಲೆ ಕೂತಳು.

"ಸೂಜಿ ಅಂದ್ರೆ ಯಾಕಷ್ಟು ಭಯ ಅಂತ ಕೇಳ್ತಿದ್ದಾರೆ," ಎಂದಳು ಸಾಹಿರಾ. "ಹೇಳಿ ಅಮ್ಮಾ. ಇವರು ಬೈಯಲ್ಲ."

ಹಾತೂನ್ ಬಾಯಿ ಬಿಗಿದಳು. ತುಟಿಯಿಂದ ಆಚೆ ಹೋಗಬಾರದೆಂದು ಒಂದು ವಂಶವೇ ಕಾಪಾಡಿಕೊಂಡು ಬಂದ ಮಾತು ಅದು. ಮಂಚದ ಮೇಲೆ ಮಗು ಬಾಯಿ ತೆರೆಯಿತು, ಅಳುವಷ್ಟು ಶಕ್ತಿ ಇಲ್ಲದೆ ಹಾಗೇ ಮುಚ್ಚಿತು.

"ಹೇಳಿ ದೊಡ್ಡಮ್ಮ," ಎಂದಳು ಜರ್‌ಬೀಬಿ. "ನಿಮ್ಮ ಕಾಲಿಗೆ ಬೀಳ್ತೀನಿ."

ಹಾತೂನ್ ಹೇಳಿದಳು. ಹೊಕ್ಕುಳಿನಿಂದ ಹೋದ ಇಬ್ಬರನ್ನು, ರಹಮತ್‌ನ ತೊಡೆಯನ್ನು, ಮೀರ್‌ದೋಸ್ತ್‌ನನ್ನು, ಎಲ್ಲವನ್ನೂ. ಸಾಹಿರಾಳ ಮುಖ ನೋಡದೆ, ಕಾವಲುಗಾರನ ಎದುರಿಗೇ. ವೈದ್ಯೆ ಒಂದು ಸಲವೂ ತಡೆಯಲಿಲ್ಲ. ಮುಗಿದ ಮೇಲೆ ತಲೆಯಾಡಿಸಿ, ಇದು ವಂಶದಲ್ಲಿ ಬರುವ ರಕ್ತದ ಕಾಯಿಲೆ ಎಂದೇ ತನಗೂ ಅನುಮಾನ, ಈ ಕಡೆಯ ಮನೆಗಳಿಂದ ಇಂಥ ಮಕ್ಕಳು ಮೊದಲೂ ಬಂದಿದ್ದಾರೆ ಎಂದಳು. ತೊಡೆಗೆ ಚುಚ್ಚುವುದಿಲ್ಲ ಎಂದು ಮಾತು ಕೊಟ್ಟಳು. ಕೈಯ ಸಣ್ಣ ರಕ್ತನಾಳದಿಂದ ಒಂದಿಷ್ಟು ರಕ್ತ ತೆಗೆಯಬೇಕು, ಅದೇ ನಾಳದಿಂದ ಔಷಧಿ ಕೊಡಬೇಕು, ಬೇರೆ ದಾರಿ ಇಲ್ಲ ಎಂದಳು.

"ಆ ಜಾಗಾನ ನಾನು ಒತ್ತಿ ಹಿಡ್ಕೋತೀನಿ," ಎಂದಳು ಹಾತೂನ್.

"ಹಿಡ್ಕೊಳ್ಳಿ. ನಾನು ಬಿಡಿ ಅನ್ನೋವರೆಗೂ ಬಿಡಬೇಡಿ," ಎಂದಳು ವೈದ್ಯೆ, ಸಾಹಿರಾಳ ಬಾಯಿಂದ.

ಒಂದು ಚೀಲದಲ್ಲಿ ತಿಳಿ ಹಳದಿ ನೀರು ತಂದು ತೂಗುಹಾಕಿದರು. ರಕ್ತದಿಂದ ಕೆಂಪನ್ನು ಬೇರೆ ಮಾಡಿದ ಮೇಲೆ ಉಳಿಯುವ ಪ್ಲಾಸ್ಮಾ ಅದು ಎಂದು ಸಾಹಿರಾ ಹೇಳಿದಳು.

"ಯಾರದ್ದು ಇದು?" ಹಾತೂನ್‌ಗೆ ಅನುಮಾನ.

"ಯಾರೋ ದಾನ ಕೊಟ್ಟದ್ದು ಅಮ್ಮಾ. ಹೆಸರು ನಮಗೂ ಗೊತ್ತಿಲ್ಲ."

"ಅವರಿಗೆ ಗಾಯ ಮುಚ್ಚುತ್ತಾ?"

"ಮುಚ್ಚುತ್ತೆ. ಅದಕ್ಕೇ ತಂದಿರೋದು."

ಹನಿ ಇಳಿಯತೊಡಗಿತು. ಇತ್ತ ಹೊಕ್ಕುಳಿನ ಹನಿ ನಿಧಾನವಾಯಿತು, ನಿಂತಿತು. ಸಾಹಿರಾ ನಕ್ಕಳು. ಜರ್‌ಬೀಬಿ ನಗಲಿಲ್ಲ. ನಿಲ್ಲುವುದನ್ನು ಅವಳು ಬೇಕಾದಷ್ಟು ನೋಡಿದ್ದಳು. ಅವಳಿಗೆ ಭಯವಿದ್ದದ್ದು ಮರುದಿನದ್ದು. ಮಂಚದ ಪಕ್ಕ ಕೂತು ಬಟ್ಟೆಯ ಬಿಳುಪನ್ನೇ ನೋಡುತ್ತಾ ಕಾದಳು. ನೋಡಿ ನೋಡಿ ಬಿಳಿಯ ಮೇಲೆ ಇಲ್ಲದ ಕೆಂಪು ಕಾಣಿಸತೊಡಗಿತು, ಬೆಚ್ಚಿ ಬಿದ್ದು ಮುಟ್ಟುವಳು, ಒಣಗಿರುತ್ತಿತ್ತು. ಎಚ್ಚರ ತಪ್ಪಿದರೆ ಆ ಗಳಿಗೆಯಲ್ಲೇ ಬಂದುಬಿಡುತ್ತದೆ ಎಂಬ ಹೆದರಿಕೆಗೆ ಕಣ್ಣು ಮುಚ್ಚಲಿಲ್ಲ. ಹಾತೂನ್ ಅವಳ ಕೈಗೆ ರೊಟ್ಟಿ ತುಂಡು ಕೊಟ್ಟಳು, ಅದು ಕೈಯಲ್ಲೇ ಒಣಗಿತು.

ಮರುದಿನ ಬಂತು. ಬಟ್ಟೆ ಒಣಗಿತ್ತು. ಅದರ ಮರುದಿನವೂ ಒಣಗಿತ್ತು. ಮಗು ದೊಡ್ಡದಾಗಿ ಬಾಯಿ ತೆರೆದು, ಇಡೀ ವಾರ್ಡಿಗೆ ಕೇಳುವಂತೆ ಅತ್ತಿತು. ಹಾತೂನ್ ಗೋಡೆಗೆ ಒರಗಿ, "ಅಳು, ನನ್ನವ್ವ, ಇನ್ನೂ ಅಳು" ಎಂದು ತಾನೂ ಅತ್ತಳು.

ವೈದ್ಯೆ ಬಂದು ಪರೀಕ್ಷೆಯ ವಿಷಯ ಹೇಳಿದಳು. ಔಷಧಿ ಕೊಡುವ ಮುಂಚೆ ತೆಗೆದ ರಕ್ತ ಗಾಜಿನ ನಳಿಗೆಯಲ್ಲಿ ಎಲ್ಲರ ರಕ್ತದ ಹಾಗೇ ಹೆಪ್ಪುಗಟ್ಟಿತ್ತು. ಆ ಹೆಪ್ಪನ್ನು ಒಂದು ದ್ರವದಲ್ಲಿ ಹಾಕಿಟ್ಟರೆ ಬೇರೆಯವರದು ಗಟ್ಟಿಯಾಗಿ ಉಳಿಯುತ್ತದೆ. ಗ್ರಾನಾಜಳದು ಕರಗಿ ನೀರಾಗಿತ್ತು.

ಸಾಹಿರಾ ಅದನ್ನು ತನ್ನ ರೀತಿಯಲ್ಲಿ ದಾಟಿಸಿದಳು. "ಬಟ್ಟೆ ಹೊಲಿಯುವಾಗ ಮೊದಲು ಕಚ್ಚಾ ಹೊಲಿಗೆ ಹಾಕ್ತೀವಲ್ಲ, ಎಳೆದ್ರೆ ಬಿಚ್ಕೊಳ್ಳುತ್ತೆ. ಆಮೇಲೆ ಗಟ್ಟಿ ಹೊಲಿಗೆ ಹಾಕ್ತೀವಿ. ಇವಳ ರಕ್ತಕ್ಕೆ ಕಚ್ಚಾ ಹೊಲಿಗೆ ಬರುತ್ತೆ, ಗಟ್ಟಿ ಹೊಲಿಗೆ ಹಾಕೋ ಪದಾರ್ಥ ಇಲ್ಲ. ಅದಕ್ಕೇ ನಿಂತದ್ದು ಮತ್ತೆ ಬಿಚ್ಕೊಳ್ಳೋದು. ಆ ಪದಾರ್ಥ ಮಾಡೋ ಪಾಲು ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತೆ. ಒಂದು ಚೆನ್ನಾಗಿದ್ರೂ ಸಾಕು, ಏನೂ ಗೊತ್ತಾಗಲ್ಲ, ನಿಮ್ಮ ಹಾಗೆ. ಎರಡೂ ಕೆಟ್ಟಿದ್ರೆ ಹೀಗೆ. ಒಂದೇ ಮನೆತನದಲ್ಲಿ ಕೊಟ್ಟು ತಂದಾಗ ಎರಡು ಕೆಟ್ಟ ಪಾಲು ಒಂದು ಕಡೆ ಸೇರೋದು ಜಾಸ್ತಿ."

"ಶಾಪ ಅಲ್ವಾ ಹಾಗಾದ್ರೆ?" ಎಂದಳು ಹಾತೂನ್.

"ಅಲ್ಲ ಅಂತಾರೆ ಡಾಕ್ಟರಮ್ಮ."

ಹಾತೂನ್ ಸಮಾಧಾನಪಡುತ್ತಾಳೆಂದು ಜರ್‌ಬೀಬಿ ಅಂದುಕೊಂಡಿದ್ದಳು. ಆದರೆ ಹಾತೂನಳ ಮುಖ ಇನ್ನಷ್ಟು ಕಂದಿತು. ಶಾಪವಾಗಿದ್ದರೆ ತಪ್ಪು ಮೀರ್‌ದೋಸ್ತ್‌ನದು. ಈಗ ಅದು ತನ್ನದೇ ಮೈಯೊಳಗಿತ್ತು.

"ನನ್ನ ರಹಮತ್‌ಗೂ ಈ ಹಳದಿ ನೀರು ಕೊಟ್ಟಿದ್ರೆ ಉಳೀತಿದ್ನಾ? ಕೇಳು ಅವರನ್ನ."

ಸಾಹಿರಾ ಕೇಳಿದಳು. ವೈದ್ಯೆ ಎರಡೇ ಮಾತು ಹೇಳಿದಳು. ಸಾಹಿರಾ ಅದನ್ನು ದಾಟಿಸುವ ಮೊದಲೇ ಹಾತೂನ್, "ಬೇಡ, ಗೊತ್ತಾಯ್ತು" ಎಂದು ಎದ್ದು ಕಿಟಕಿಯ ಹತ್ತಿರ ಹೋದಳು.

ಹೊರಡುವ ಮುನ್ನ ವೈದ್ಯೆ ಎಚ್ಚರಿಕೆಗಳನ್ನು ಹೇಳಿದಳು. ಈ ಔಷಧಿ ರಕ್ತದಲ್ಲಿ ಕೆಲವು ವಾರ ಮಾತ್ರ ಉಳಿಯುತ್ತದೆ, ತಿಂಗಳು ತಿಂಗಳೂ ಬಂದು ಏರಿಸಿಕೊಳ್ಳಬೇಕು, ಬದುಕಿರುವವರೆಗೂ. ತಲೆಗೆ ಪೆಟ್ಟು ಬೀಳಬಾರದು. ಬಿದ್ದರೆ ಹೊರಗೆ ಏನೂ ಕಾಣದಿದ್ದರೂ ಕೂಡಲೇ ಕರೆತರಬೇಕು. ಈ ಮನೆತನದಲ್ಲಿ ಮದುವೆ ಗೊತ್ತಾದವರಿದ್ದರೆ ಇಬ್ಬರ ರಕ್ತವನ್ನೂ ಮೊದಲು ಪರೀಕ್ಷೆ ಮಾಡಿಸಬೇಕು.

ಮದುವೆ ಗೊತ್ತಾದವರಿದ್ದರು. ಹಾತೂನಳ ಮಗಳು ಮಾಹ್‌ತಾಬ್, ಜರ್‌ಬೀಬಿಯ ತಮ್ಮ ಶೇರ್‌ಜಾನ್.

ಅಷ್ಟರಲ್ಲಿ ಸುದ್ದಿ ತಿಳಿದ ಲಾಲ್‌ಬಕ್ಷ್ ಪಿಕಪ್ ತಂದಿದ್ದ. ಊರಾಚೆಯ ಹಳ್ಳದ ಹತ್ತಿರ ಗಾಡಿ ನಿಲ್ಲಿಸಿ ಮಗುವನ್ನು ಎತ್ತಿಕೊಂಡು ಮುಖಕ್ಕೆ ಮುಖ ತಾಗಿಸಿದ. ಹಾತೂನ್ ಕೆಳಗಿಳಿಯುವ ಮೊದಲು ಸೊಸೆಯ ತೋಳು ಹಿಡಿದಳು. "ಮಾಹ್‌ತಾಬ್ ವಿಷಯ ಮಾತ್ರ ಎತ್ತಬೇಡ ಮಗಳೇ. ಹೆಣ್ಣಿನ ಬಾಳು. ಮದುವೆಯಾಗ್ಲಿ, ಆಮೇಲೆ ನೋಡೋಣ."

"ಆಮೇಲೆ ನೋಡೋದು ಏನನ್ನ ದೊಡ್ಡಮ್ಮ? ಬೂದೀನಾ?"

ಹಾತೂನ್ ಕೈ ಬಿಟ್ಟಳು.

ಮನೆಯಲ್ಲಿ ಜರ್‌ಬೀಬಿಯ ತಾಯಿ ಕಾಯುತ್ತಿದ್ದಳು. ಮಗಳ ನೋಟ ಕಂಡದ್ದೇ ಎಲ್ಲ ತಿಳಿಯಿತು. "ಹೇಳಿದ್ರೆ ನಿನ್ನ ಯಾರು ಮದುವೆ ಆಗ್ತಿದ್ರು?" ಎಂದಳು, ತಲೆ ತಗ್ಗಿಸಿ.

"ನಾನು ನನ್ನ ಹಾಲನ್ನ ದ್ವೇಷ ಮಾಡಿದ್ದೆ ಅಮ್ಮಾ," ಎಂದಳು ಜರ್‌ಬೀಬಿ. ತಾಯಿ ಬಹಳ ದಿನ ಆ ಮನೆಗೆ ಬರಲಿಲ್ಲ.

ನಲವತ್ತು ದಿನ ತುಂಬಿ ಬಾಣಂತಿಗೂ ಮಗುವಿಗೂ ನೀರು ಹಾಕಿದ ಮೇಲೆ ಹೆಂಗಸರೆಲ್ಲ ಸೇರಿದರು. ಹಾಡು, ಖರ್ಜೂರ, ಬಿಸಿ ರೊಟ್ಟಿ. ಹಾಡು ನಿಂತ ಒಂದು ಗಳಿಗೆಯಲ್ಲಿ ಜರ್‌ಬೀಬಿ ಮಗುವಿನ ಬಟ್ಟೆ ಸರಿಸಿ ಹೊಕ್ಕುಳು ತೋರಿಸಿ ಎಲ್ಲವನ್ನೂ ಹೇಳಿಬಿಟ್ಟಳು. ಎಲ್ಲರೂ ಎದ್ದು ಹೋಗುತ್ತಾರೆಂದೇ ಅವಳ ಭಯ. "ನಿಮ್ಮ ಮನೇಲಿ ಯಾರ ಮಗೂಗಾದ್ರೂ ಹೀಗಾಗಿದ್ರೆ ಬೂದಿ ಹಾಕ್ಕೊಂಡು ಕೂರಬೇಡಿ," ಎಂದಳು.

ಒಬ್ಬಿಬ್ಬರು ನಿಜವಾಗಿಯೂ ಎದ್ದು, ಮಕ್ಕಳನ್ನು ಕರೆದುಕೊಂಡು ಹೊರಟುಹೋದರು. ಕಸೂತಿಯವಳು ಮಾತ್ರ ತಲೆ ಎತ್ತದೆ, ಯಾರಿಗೂ ಅಲ್ಲವೆಂಬಂತೆ, "ನನ್ನ ಎರಡನೇದು," ಎಂದಳು. ಆಮೇಲೆ ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಎದೆ ಎದೆ ಬಡಿದುಕೊಂಡು ಅತ್ತಳು. ಹಾತೂನ್ ಒಲೆಯ ಹತ್ತಿರ ಬೆನ್ನು ತಿರುಗಿಸಿ ಕೂತಿದ್ದಳು, ಎದ್ದು ಹೋಗಲಿಲ್ಲ.

ಮಾಹ್‌ತಾಬ್ ಮತ್ತು ಶೇರ್‌ಜಾನ್‌ರ ರಕ್ತದ ಪರೀಕ್ಷೆಯನ್ನು ಜಾಹೆದಾನ್‌ನಲ್ಲಿ ಮಾಡಿಸಿದರು. ಇಬ್ಬರಲ್ಲೂ ಒಂದೊಂದು ಕೆಟ್ಟ ಪಾಲು. ಎರಡು ಮನೆಗಳಲ್ಲೂ ಕೂಗಾಟವಾಯಿತು. ಜರ್‌ಬೀಬಿಯ ನಾಲಿಗೆಯಿಂದಲೇ ಸಂಬಂಧ ಮುರಿಯಿತೆಂದು ಶೇರ್‌ಜಾನ್ ಅಕ್ಕನ ಜೊತೆ ಮಾತು ಬಿಟ್ಟ. ಕೊನೆಗೆ ಬೇಡವೆಂದದ್ದು ಮಾಹ್‌ತಾಬ್‌ಳೇ. "ನನಗೆ ನಿನ್ನ ಹಾಗೆ ಬದುಕೋಕೆ ಆಗಲ್ಲ ಅತ್ತಿಗೆ," ಎಂದಳು. "ನೀನು ಉಸಿರಾಡೋದನ್ನೂ ಮಗು ಕಡೆ ನೋಡ್ಕೊಂಡೇ ಮಾಡ್ತೀಯ." ಜರ್‌ಬೀಬಿಗೆ ಆ ಮಾತು ಚುಚ್ಚಿತು. ಆದರೆ ಅದು ಸುಳ್ಳಾಗಿರಲಿಲ್ಲ.

ಗ್ರಾನಾಜ್ ತೆವಳಿದಳು, ನಿಂತಳು, ನಡೆದಳು. ಉಳಿದ ತಾಯಂದಿರು ಮೊದಲ ಹೆಜ್ಜೆಗೆ ಚಪ್ಪಾಳೆ ತಟ್ಟುವಾಗ ಜರ್‌ಬೀಬಿ ಮನೆಯ ಮೂಲೆಗಳಿಗೆಲ್ಲ ಹಳೆಯ ಕಂಬಳಿ ಹೊಲಿಯುತ್ತಿದ್ದಳು. ಪ್ರತಿ ತಿಂಗಳೂ ಖಾಶ್‌ಗೆ ಹೋಗುವ ದಿನ ಹತ್ತಿರವಾದಂತೆ ಅವಳಿಗೆ ನಿದ್ದೆ ಹಾರಿಹೋಗುತ್ತಿತ್ತು. ಹಳೆಯ ಔಷಧಿ ತೀರುತ್ತಾ ಬಂದಿದೆ, ಹೊಸದು ಇನ್ನೂ ಸೇರಿಲ್ಲ, ಆ ನಡುವಿನ ದಿನಗಳಲ್ಲಿ ಮಗಳು ತೆಳ್ಳನೆ ಗಾಜಿನವಳಂತೆ ಕಾಣುತ್ತಿದ್ದಳು.

ಅಂಥ ಒಂದು ದಿನವೇ ಅವಳು ಬಿದ್ದಳು. ಬಾಗಿಲ ಮೆಟ್ಟಿಲಿನಿಂದ, ಕೋಳಿಮರಿಯ ಹಿಂದೆ ಓಡುತ್ತಾ. ಹಣೆ ಕಲ್ಲಿಗೆ ತಾಗಿದ ಸದ್ದು ಜರ್‌ಬೀಬಿಗೆ ಅಂಗಳದ ಆ ತುದಿಯಿಂದ ಕೇಳಿಸಿತು. ಓಡಿ ಬರುವಷ್ಟರಲ್ಲಿ ಹಾತೂನ್ ಮಗುವನ್ನು ಎತ್ತಿಕೊಂಡಾಗಿತ್ತು. ಅವಳ ಕೈಯಲ್ಲಿ ಬೂದಿಯ ಗಂಟಿರಲಿಲ್ಲ. ಅವಳು ಮಗನನ್ನು ಕೂಗುತ್ತಿದ್ದಳು, ಬೆಟ್ಟದ ಕುರಿಗಳೆಲ್ಲ ತಲೆ ಎತ್ತುವ ಹಾಗೆ. "ಗಾಡಿ ತೆಗೀ ಲಾಲ್‌ಬಕ್ಷ್! ತೆಗೀ ಅಂದೆ!"

ದಾರಿಯಲ್ಲಿ ಗ್ರಾನಾಜ್ ವಾಂತಿ ಮಾಡಿಕೊಂಡಳು. ಜರ್‌ಬೀಬಿ ಅವಳ ಕಣ್ಣುಗಳನ್ನೇ ನೋಡುತ್ತಾ, ಹೆಸರು ಕೇಳುತ್ತಾ, ಕೋಳಿಮರಿಯ ಬಣ್ಣ ಕೇಳುತ್ತಾ ಹೋದಳು. ಉತ್ತರ ತಡವಾದಾಗಲೆಲ್ಲ ಕೆನ್ನೆ ತಟ್ಟಿ ಮತ್ತೆ ಕೇಳುತ್ತಿದ್ದಳು. ಆಸ್ಪತ್ರೆಯಲ್ಲಿ ಯಾರೂ ಕಾಯಿಸಲಿಲ್ಲ. ಇವರ ಮುಖ ಕಂಡದ್ದೇ ಸಾಹಿರಾ ಪ್ಲಾಸ್ಮಾದ ಚೀಲ ತಂದಳು.

ಎರಡು ದಿನ ಇಟ್ಟುಕೊಂಡು ನೋಡಿದರು. ತಲೆಯೊಳಗೆ ರಕ್ತ ಒಸರಿರಲಿಲ್ಲ. ಹಣೆಯ ಗಂಟು ನೀಲಿಯಾಯಿತು, ಇಳಿಯತೊಡಗಿತು.

ಬಿಡುಗಡೆಯ ದಿನ ಬೆಳಿಗ್ಗೆ ಗ್ರಾನಾಜ್ ಮಂಚದ ಮೇಲೆ ಕೂತು ರೊಟ್ಟಿ ಕೇಳಿದಳು. ಹಾತೂನ್ ಒಂದು ತುಂಡು ಮುರಿದು ಅವಳ ಬಾಯಿಗಿಟ್ಟಳು, ಇನ್ನೊಂದು ತುಂಡನ್ನು ಸೊಸೆಯ ಮುಂದೆ ಹಿಡಿದಳು.

"ತಿನ್ನೇ. ಮುಂದಿನ ತಿಂಗಳು ಮತ್ತೆ ಹೆದರೋದಿದೆ. ಅದಕ್ಕಾದ್ರೂ ಮೈಯಲ್ಲಿ ಶಕ್ತಿ ಬೇಡ್ವಾ?"

ಜರ್‌ಬೀಬಿ ರೊಟ್ಟಿ ತೆಗೆದುಕೊಂಡು, ಮಗಳ ಹಣೆಯ ಮೇಲಿಂದ ಕಣ್ಣು ತೆಗೆಯದೆ ಅಗಿಯತೊಡಗಿದಳು.